ಗೀಸರ್‌ಗೆ ನೀರು ತುಂಬುತ್ತಿಲ್ಲವಾ? ಎಲ್ಲಿ ನಿಂತಿದೆ ಅಂತ ಹುಡುಕಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ. ಎರಡು ಸಲ ಬುಸ್ ಅಂತ ಗಾಳಿ ಬರುತ್ತದೆ, ಆಮೇಲೆ ನೂಲಿನಷ್ಟು ನೀರು, ಆಮೇಲೆ ಅದೂ ಇಲ್ಲ. ಪಕ್ಕದ ತಣ್ಣೀರಿನ ನಲ್ಲಿ ಮಾತ್ರ ಜೋರಾಗಿ ಸುರಿಯುತ್ತಿದೆ. ಇಂಥ ಹೊತ್ತಲ್ಲಿ ಗೀಸರ್ರೇ ಹೋಯಿತು ಅಂತ ತೀರ್ಮಾನ ಮಾಡಿಬಿಡುವವರು ಜಾಸ್ತಿ. ಆದರೆ ಸಾಮಾನ್ಯವಾಗಿ ಗೀಸರ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ನೀರು ಬರುವ ದಾರಿಯಲ್ಲಿ, ಅದರಲ್ಲೂ ಕೊನೆಯ ಒಂದೆರಡು ಅಡಿಯಲ್ಲಿ, ಏನೋ ಅಡ್ಡ ಕೂತಿರುತ್ತದೆ. ಅದನ್ನು ಹುಡುಕುವುದಕ್ಕೆ ಎರಡು ಸ್ಪ್ಯಾನರ್, ಎರಡು ಬಕೆಟ್, ಸ್ವಲ್ಪ ತಾಳ್ಮೆ ಸಾಕು.

ಇಲ್ಲಿ ಹೇಳುತ್ತಿರುವುದು ಗೋಡೆಗೆ ನೇತುಹಾಕುವ, ನೀರು ಶೇಖರಿಸಿಟ್ಟು ಕಾಯಿಸುವ ಕರೆಂಟ್ ಗೀಸರ್ ಬಗ್ಗೆ. ಕೆಲವರು ಇದನ್ನೇ ಬಾಯ್ಲರ್ ಅನ್ನುತ್ತಾರೆ. ಗ್ಯಾಸ್ ಗೀಸರ್ ಬೇರೆಯೇ ವಿಷಯ, ಅದನ್ನು ಈ ಥರ ಬಿಚ್ಚಲು ಹೋಗಬೇಡಿ.

ಎಲ್ಲಕ್ಕಿಂತ ಮೊದಲು ಕರೆಂಟ್

ಸ್ವಿಚ್ ಆಫ್ ಮಾಡಿ. ಸ್ವಿಚ್ ಒಂದೇ ಸಾಲದು, ಗೀಸರ್‌ನ ಎಂಸಿಬಿಯನ್ನೂ (ಕರೆಂಟ್ ಬೋರ್ಡಿನಲ್ಲಿ, ಜಾಸ್ತಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ. ಪ್ಲಗ್ ಇದ್ದರೆ ಕಿತ್ತಿಡಿ. ಇದು ಶಾಕ್ ಹೊಡೆಯುತ್ತದೆ ಅಂತ ಮಾತ್ರ ಅಲ್ಲ. ಟ್ಯಾಂಕಿನಲ್ಲಿ ನೀರಿಲ್ಲದೆ ಕಾಯಿಲ್ ಆನ್ ಆದರೆ ಅದರ ಬಿಸಿ ಹೋಗಲು ಜಾಗವೇ ಇರುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಹತ್ತು ನಿಮಿಷದಲ್ಲಿ ಸರಿಹೋಗುತ್ತಿದ್ದ ಸಣ್ಣ ತೊಂದರೆ ಅಲ್ಲಿಗೆ ದೊಡ್ಡ ರಿಪೇರಿ ಆಗಿಬಿಡುತ್ತದೆ. "ನೀರು ಬರದಿದ್ದರೂ ಬಿಸಿ ಆಗುತ್ತಿರಲಿ, ಆಮೇಲೆ ನೋಡೋಣ" ಅಂತ ಆನ್ ಮಾಡಿ ಬಿಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಗೀಸರ್ ಈಗಷ್ಟೇ ಕಾದಿದ್ದರೆ ಕೈ ಹಾಕಬೇಡಿ. ಒಳಗಿನ ನೀರು 60 ರಿಂದ 75 ಡಿಗ್ರಿ ಇರಬಹುದು. 60 ಡಿಗ್ರಿ ನೀರು ಐದಾರು ಸೆಕೆಂಡ್ ಮೈಮೇಲೆ ಬಿದ್ದರೆ ಸಾಕು, ಚರ್ಮ ಆಳವಾಗಿ ಸುಡುತ್ತದೆ. ಟ್ಯಾಂಕಿನ ಹೊದಿಕೆ ಚೆನ್ನಾಗಿರುವುದರಿಂದ ಹೊರಗೆ ಮುಟ್ಟಿದಾಗ ತಣ್ಣಗಿದ್ದರೂ ಒಳಗೆ ಗಂಟೆಗಟ್ಟಲೆ ಬಿಸಿ ಉಳಿದಿರುತ್ತದೆ. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಕೆಲಸ ಶುರು ಮಾಡುವುದು ಒಳ್ಳೆಯದು.

ಗೀಸರ್ ತುಂಬುವುದು ಹೇಗೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ

ಗೀಸರ್‌ಗೆ ಎರಡು ಪೈಪ್ ಇರುತ್ತವೆ. ನೀಲಿ ಗುರುತಿನದು ತಣ್ಣೀರು ಒಳಗೆ ಬರುವುದಕ್ಕೆ, ಕೆಂಪು ಗುರುತಿನದು ಬಿಸಿನೀರು ಹೊರಗೆ ಹೋಗುವುದಕ್ಕೆ. ಉದ್ದಕ್ಕೆ ನಿಲ್ಲಿಸಿದ ಗೀಸರ್‌ನಲ್ಲಿ ಹೊರಗಿನಿಂದ ನೋಡಿದರೆ ಎರಡೂ ತಳದಲ್ಲೇ ಕಾಣುತ್ತವೆ. ಒಳಗೆ ಮಾತ್ರ ವ್ಯತ್ಯಾಸ ಇದೆ. ತಣ್ಣೀರಿನ ಪೈಪ್ ತಳದ ಹತ್ತಿರವೇ ತೆರೆದುಕೊಳ್ಳುತ್ತದೆ, ಬಿಸಿನೀರಿನ ಪೈಪ್ ಟ್ಯಾಂಕಿನೊಳಗೆ ಮೇಲಿನ ತುದಿಯವರೆಗೂ ಏರಿರುತ್ತದೆ.

ಇದರ ಅರ್ಥ ಏನು ಗೊತ್ತಾ? ನಲ್ಲಿ ತಿರುಗಿಸಿದಾಗ ಬಿಸಿನೀರು ತಾನಾಗಿ ಕೆಳಗೆ ಇಳಿದು ಬರುವುದಿಲ್ಲ. ಕೆಳಗಿನಿಂದ ತಣ್ಣೀರು ಒಳಗೆ ನುಗ್ಗಿ ತಳ್ಳಿದರೆ ಮಾತ್ರ ಮೇಲಿನ ಬಿಸಿನೀರು ಹೊರಗೆ ಬರುತ್ತದೆ. ಒಂದು ಮಗ್ ಬಿಸಿನೀರು ಹೊರಗೆ ಬರಬೇಕಾದರೆ ಒಂದು ಮಗ್ ತಣ್ಣೀರು ಒಳಗೆ ಹೋಗಲೇಬೇಕು. ಹಾಗಾಗಿ ನಲ್ಲಿಯಲ್ಲಿ ಬಿಸಿನೀರು ಬರುತ್ತಿಲ್ಲ ಅಂದರೆ ಎರಡೇ ಸಾಧ್ಯತೆ. ತಣ್ಣೀರು ಒಳಗೆ ಹೋಗುತ್ತಿಲ್ಲ, ಇಲ್ಲವೇ ಬಿಸಿನೀರು ಹೊರಗೆ ಬರುವ ದಾರಿ ಮುಚ್ಚಿದೆ. ಟ್ಯಾಂಕ್ ಖಾಲಿಯೇ ಇರಬೇಕು ಅಂತೇನಿಲ್ಲ. ಎಷ್ಟೋ ಸಲ "ತುಂಬುತ್ತಿಲ್ಲ" ಅನ್ನುವ ಗೀಸರ್ ಕಂಠಮಟ್ಟ ತುಂಬಿಕೊಂಡು ಸುಮ್ನೆ ಕೂತಿರುತ್ತದೆ.

ಸ್ಪ್ಯಾನರ್ ಎತ್ತುವ ಮುಂಚೆ

ಮನೆಯ ಬೇರೆ ನಲ್ಲಿಗಳಲ್ಲಿ ತಣ್ಣೀರು ಎಂದಿನಷ್ಟೇ ಬರುತ್ತಿದೆಯಾ ನೋಡಿ. ಎಲ್ಲ ಕಡೆಯೂ ಸಣ್ಣಗೆ ಬರುತ್ತಿದ್ದರೆ ತೊಂದರೆ ಗೀಸರ್‌ದಲ್ಲ, ಮೇಲಿನ ಟ್ಯಾಂಕಿನದೋ ಮುಖ್ಯ ಲೈನಿನದೋ. ಟ್ಯಾಂಕಿನಲ್ಲಿ ನೀರಿದೆಯಾ, ಟ್ಯಾಂಕಿನ ಹತ್ತಿರದ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯಾ ಅಂತ ಹತ್ತಿ ನೋಡಿ. ಗೀಸರ್‌ಗೆ ಅಂತ ಟ್ಯಾಂಕಿನಿಂದ ಬೇರೆಯೇ ಲೈನ್ ಇಳಿಸಿರುವ ಮನೆಗಳೂ ಇವೆ. ಅಲ್ಲಿ ಆ ಲೈನಿನ ವಾಲ್ವ್ ಒಂದನ್ನು ಯಾರೋ ಮುಚ್ಚಿ ಮರೆತಿರಬಹುದು.

ಮನೆಯಲ್ಲಿ ಬಿಸಿನೀರಿನ ನಲ್ಲಿ ಒಂದಕ್ಕಿಂತ ಜಾಸ್ತಿ ಇದ್ದರೆ ಎಲ್ಲವನ್ನೂ ತಿರುಗಿಸಿ ನೋಡಿ. ಒಂದರಲ್ಲಿ ಮಾತ್ರ ಬರುತ್ತಿಲ್ಲ ಅಂದರೆ ಗೀಸರ್ ಮುಟ್ಟುವ ಅಗತ್ಯವೇ ಇಲ್ಲ, ಆ ನಲ್ಲಿಯ ಬಾಯಿಯ ಜಾಲರಿ ಅಥವಾ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ಒಳಗೆ ಕಸ ಕೂತಿದೆ. ಶವರ್‌ನಲ್ಲಿ ಸಣ್ಣಗೆ ಬಂದು ಕೆಳಗಿನ ನಲ್ಲಿಯಲ್ಲಿ ಜೋರಾಗಿ ಬರುತ್ತಿದ್ದರೂ ಅಷ್ಟೇ, ಶವರ್ ತಲೆ ಬಿಚ್ಚಿ ತೊಳೆಯಿರಿ.

ಆಮೇಲೆ ಗೀಸರ್ ಕೆಳಗಿನ ಆಂಗಲ್ ಕಾಕ್ ನೋಡಿ. ಗೋಡೆಯಿಂದ ಹೊರಬರುವ ಸಣ್ಣ ವಾಲ್ವ್ ಅದು. ಗುಡಿಸುವಾಗ, ಒರೆಸುವಾಗ ಕೈ ತಾಗಿ ಅರ್ಧ ಮುಚ್ಚಿಕೊಂಡಿರುವುದು ಉಂಟು. ಪೂರ್ತಿ ಮುಚ್ಚಿ, ಮತ್ತೆ ಪೂರ್ತಿ ತೆರೆಯಿರಿ. ಹಿಡಿ ಸುಮ್ನೆ ಸುತ್ತುತ್ತಲೇ ಇದ್ದು ಎಲ್ಲೂ ನಿಲ್ಲುತ್ತಿಲ್ಲ ಅಂದರೆ ಒಳಗಿನ ಭಾಗ ಕಿತ್ತುಹೋಗಿದೆ, ವಾಲ್ವ್ ಬದಲಾಯಿಸಬೇಕು.

ಅಡ್ಡಿ ಎಲ್ಲಿದೆ? ಎರಡು ಬಕೆಟ್ ಪರೀಕ್ಷೆ

ಎಲ್ಲ ಬಿಚ್ಚಿ ಹರಡಿಕೊಂಡು ಕೂರುವ ಬದಲು ದಾರಿಯನ್ನು ಮಧ್ಯಕ್ಕೆ ತುಂಡು ಮಾಡಿ ನೋಡಬೇಕು. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಅವಸರ ಮಾಡಬೇಡಿ.

ಮೊದಲ ಪರೀಕ್ಷೆ ಬಿಸಿನೀರಿನ ಕಡೆ. ಆಂಗಲ್ ಕಾಕ್ ಮುಚ್ಚಿ. ಬಿಸಿನೀರಿನ ನಲ್ಲಿ ಒಂದು ಸಲ ತೆರೆದು ಒಳಗಿನ ಒತ್ತಡ ಇಳಿಸಿ. ಈಗ ಕೆಂಪು ಗುರುತಿನ ಕಡೆಯ ಕನೆಕ್ಷನ್ ಪೈಪನ್ನು ಗೀಸರ್‌ನಿಂದ ಬಿಚ್ಚಿ. ಟ್ಯಾಂಕ್ ಪೂರ್ತಿ ಸುರಿದುಬಿಡುತ್ತದೆ ಅಂತ ಹೆದರಬೇಡಿ, ಆ ಪೈಪಿನ ಬಾಯಿ ಒಳಗೆ ಮೇಲ್ಗಡೆ ಇದೆ ಅಂದೆನಲ್ಲ, ಪೈಪಿನಲ್ಲಿರುವ ಸ್ವಲ್ಪ ನೀರು ಮಾತ್ರ ಬೀಳುತ್ತದೆ. ಕೆಳಗೆ ಬಕೆಟ್ ಹಿಡಿದು ಆಂಗಲ್ ಕಾಕ್ ನಿಧಾನ ತೆರೆಯಿರಿ. ಟ್ಯಾಂಕ್ ನಿಜಕ್ಕೂ ಖಾಲಿ ಇದ್ದರೆ ತುಂಬುವುದಕ್ಕೆ ಸಮಯ ಬೇಕು. ನಿಮಿಷಕ್ಕೆ 5 ಲೀಟರ್ ಬಂದರೂ 25 ಲೀಟರ್ ಗೀಸರ್‌ಗೆ 5 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯಿರಿ. ನೀರು ಧಾರಾಳವಾಗಿ ಸುರಿದರೆ ಗೀಸರ್ ಸರಿಯಿದೆ, ಅಡ್ಡಿ ಇರುವುದು ಅಲ್ಲಿಂದ ನಲ್ಲಿಯವರೆಗಿನ ಹಾಟ್ ಲೈನಿನಲ್ಲಿ.

ನೀರು ಬರಲಿಲ್ಲವಾ? ಎರಡನೇ ಪರೀಕ್ಷೆ. ಆಂಗಲ್ ಕಾಕ್ ಮತ್ತೆ ಮುಚ್ಚಿ. ಈಗ ನೀಲಿ ಕಡೆಯ ಕನೆಕ್ಷನ್ ಪೈಪನ್ನು ಮೇಲಿನ ತುದಿಯಲ್ಲಿ ಬಿಚ್ಚಿ, ಅದರ ಬಾಯಿಯನ್ನು ಬಕೆಟ್‌ಗೆ ಇಳಿಬಿಟ್ಟು ವಾಲ್ವ್ ತೆರೆಯಿರಿ. ನೆನಪಿಡಿ, ಗೀಸರ್‌ನ ಆ ಬಾಯಿಗೆ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್, ಹಾಕಿಲ್ಲದಿದ್ದರೆ ಇಲ್ಲಿಂದ ಇಡೀ ಟ್ಯಾಂಕ್ ಕೆಳಗೆ ಇಳಿಯುತ್ತದೆ. ಎರಡನೇ ಬಕೆಟ್ ಬೇಕು ಅಂದದ್ದು ಇದಕ್ಕೇ. ಪೈಪಿನಿಂದ ನೀರು ಜೋರಾಗಿ ಬಂದರೆ ಅಡ್ಡಿ ಎನ್‌ಆರ್‌ವಿಯಲ್ಲಿದೆ ಅಥವಾ ಗೀಸರ್ ಒಳಗಿದೆ. ಸಣ್ಣಗೆ ಬಂದರೆ ಕನೆಕ್ಷನ್ ಪೈಪು, ಆಂಗಲ್ ಕಾಕು, ಇಲ್ಲವೇ ಅದರ ಹಿಂದಿನ ಲೈನು.

ಹೊರಗೆ ಥಳಥಳ, ಒಳಗೆ ಮುಚ್ಚಿಹೋದ ಪೈಪ್

ನಮ್ಮ ಮನೆಯಲ್ಲಿ ಒಮ್ಮೆ ಇದೇ ಆಗಿತ್ತು. ಸ್ಟೀಲ್ ಹೆಣಿಗೆಯ ಕನೆಕ್ಷನ್ ಪೈಪ್, ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿತ್ತು, ಒಂದು ತುಕ್ಕಿನ ಚುಕ್ಕೆ ಇರಲಿಲ್ಲ, ಹಾಗಾಗಿ ಅದರ ಮೇಲೆ ಅನುಮಾನವೇ ಬರಲಿಲ್ಲ. ಉಳಿದದ್ದೆಲ್ಲ ತೊಳೆದು ಸುಸ್ತಾದ ಮೇಲೆ ಆ ಪೈಪನ್ನು ಬಾಯಿಗಿಟ್ಟು ಊದಿದೆ. ಉಸಿರು ಹೋಗಲೇ ಇಲ್ಲ. ಕತ್ತರಿಸಿ ನೋಡಿದರೆ ಒಳಗಿನ ರಬ್ಬರ್ ಟ್ಯೂಬ್ ಬಿಸಿಗೆ ಉಬ್ಬಿ ಒಂದಕ್ಕೊಂದು ಅಂಟಿಕೊಂಡಿತ್ತು. ಮಧ್ಯದಲ್ಲಿ ಬೆಂಕಿಕಡ್ಡಿ ತೂರಿಸುವಷ್ಟು ಮಾತ್ರ ಜಾಗ. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಊದಿ ನೋಡಿ. ಒಳ್ಳೆಯ ಪೈಪ್‌ನಲ್ಲಿ ಉಸಿರು ಸಲೀಸಾಗಿ ಹೋಗಬೇಕು.

ನಟ್ ಒಳಗಿನ ವಾಷರ್ ಕೂಡ ನೋಡಿ. ಜಾಸ್ತಿ ಬಿಗಿ ಮಾಡಿದರೆ ರಬ್ಬರ್ ವಾಷರ್ ಹಿಂಡಿ ಒಳಗೆ ಸರಿದು ಅರ್ಧ ದಾರಿ ಮುಚ್ಚುತ್ತದೆ. ಪೈಪ್ ಉದ್ದ ಜಾಸ್ತಿಯಾಗಿ ಚೂಪಾಗಿ ಮಡಿಸಿಕೊಂಡಿದ್ದರೆ ಅದೂ ಸಾಕು. ಹೊಸದು ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಅಳತೆ ತಪ್ಪುವುದಿಲ್ಲ. ಸಾಮಾನ್ಯವಾಗಿ ಅರ್ಧ ಇಂಚಿನದು. ಬಿಸಿನೀರಿಗೆ ಆಗುತ್ತದೆ ಅಂತ ಬರೆದಿರುವುದನ್ನೇ ಕೊಳ್ಳಿ.

ಎನ್‌ಆರ್‌ವಿ: ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೆ

ನೀಲಿ ಬಾಯಿಗೆ ತಿರುಪಿರುವ ಹಿತ್ತಾಳೆಯ ಚಿಕ್ಕ ತುಂಡು ಇದು. ಬಹಳ ಗೀಸರ್‌ಗಳಲ್ಲಿ ಇದೇ ಸೇಫ್ಟಿ ವಾಲ್ವ್ ಕೂಡ ಆಗಿರುತ್ತದೆ. ನೀರನ್ನು ಒಳಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ, ಒಳಗಿನ ಒತ್ತಡ ಮಿತಿ ಮೀರಿದರೆ (ಸಾಮಾನ್ಯವಾಗಿ 8 ಬಾರ್) ಪಕ್ಕದ ಸಣ್ಣ ತೂತಿನಿಂದ ಹೊರಗೆ ಬಿಡುತ್ತದೆ. ಒಳಗೆ ಒಂದು ಸ್ಪ್ರಿಂಗ್, ಅದರ ತುದಿಗೆ ಒಂದು ಬಿಲ್ಲೆ. ಗಡಸು ನೀರಿನ ಸುಣ್ಣ ಈ ಸ್ಪ್ರಿಂಗಿಗೆ ಕಟ್ಟಿಕೊಂಡರೆ ಬಿಲ್ಲೆ ಮುಚ್ಚಿದಲ್ಲೇ ಅಂಟಿಬಿಡುತ್ತದೆ. ಪೈಪಿನಲ್ಲಿ ಬಂದ ಮರಳು, ಸೋರದಂತೆ ಜಾಯಿಂಟಿಗೆ ಸುತ್ತುವ ಟೆಫ್ಲಾನ್ ಟೇಪಿನ ಚೂರು ಸಿಕ್ಕಿಕೊಂಡರೂ ಅಷ್ಟೇ.

ಬಿಚ್ಚುವುದಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿಕೊಳ್ಳಿ. ವಾಲ್ವಿನ ಪಕ್ಕದಲ್ಲಿ ಚಿಕ್ಕ ಹಿಡಿ ಇದ್ದರೆ ಅದನ್ನು ಎತ್ತಿ ಹಿಡಿದರೆ ನೀರು ಇಳಿಯುತ್ತದೆ. ಇಲ್ಲದಿದ್ದರೆ ವಾಲ್ವನ್ನೇ ನಿಧಾನ ಸಡಿಲ ಮಾಡಿ ಬಕೆಟ್‌ಗೆ ಬಿಡಿ. ಎರಡಕ್ಕೂ ಬಿಸಿನೀರಿನ ಕಡೆ ತೆರೆದಿರಬೇಕು, ಮೇಲಿನಿಂದ ಗಾಳಿ ಒಳಗೆ ಬರದಿದ್ದರೆ ನೀರು ಇಳಿಯುವುದಿಲ್ಲ. 25 ಲೀಟರ್ ಅಂದರೆ 25 ಕಿಲೋ ತೂಕ, ಸ್ಟೂಲ್ ಮೇಲೆ ನಿಂತು ಒಂದೇ ಕೈಯಲ್ಲಿ ತುಂಬಿದ ಬಕೆಟ್ ಇಳಿಸುವ ಸಾಹಸ ಬೇಡ.

ಬಿಚ್ಚುವಾಗ ಎರಡು ಸ್ಪ್ಯಾನರ್ ಬಳಸಿ. ಒಂದರಲ್ಲಿ ಗೀಸರ್‌ನಿಂದ ಹೊರಬಂದ ಬಾಯಿಯನ್ನು ಅಲ್ಲಾಡದಂತೆ ಹಿಡಿಯಿರಿ, ಇನ್ನೊಂದರಲ್ಲಿ ವಾಲ್ವ್ ತಿರುಗಿಸಿ. ಆ ಬಾಯಿ ಟ್ಯಾಂಕಿಗೆ ಬೆಸುಗೆ ಹಾಕಿದ್ದು, ಅದು ತಿರುಚಿಕೊಂಡರೆ ಟ್ಯಾಂಕೇ ಸೋರಲು ಶುರುವಾಗುತ್ತದೆ.

ವಾಲ್ವನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿಯಿರಿ. ನೀರು ಬರುವ ಕಡೆಯಿಂದ ಪೆನ್ಸಿಲ್ ತುದಿಯಿಂದ ಬಿಲ್ಲೆಯನ್ನು ಮೆಲ್ಲಗೆ ಒತ್ತಿ. ಅದು ಮೃದುವಾಗಿ ಹಿಂದೆ ಸರಿದು, ಬಿಟ್ಟ ಕೂಡಲೇ ಟಕ್ ಅಂತ ವಾಪಸ್ ಬರಬೇಕು. ಕರಕರ ಅಂದರೆ, ಅರ್ಧದಲ್ಲೇ ನಿಂತರೆ, ಸುಣ್ಣ ಕಟ್ಟಿದೆ. ಒಂದು ಮಗ್ ಬೆಚ್ಚಗಿನ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಹಾಕಿ, ಅಥವಾ ಸುಮ್ನೆ ವಿನೆಗರ್‌ನಲ್ಲೇ, ಒಂದು ಗಂಟೆ ನೆನೆಸಿ. ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಸುಣ್ಣ ಕರಗುತ್ತಿದೆ ಅಂತ ಅರ್ಥ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದು ಮತ್ತೆ ಒತ್ತಿ ನೋಡಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಬಿಲ್ಲೆಯ ಅಂಚಿಗೆ ಗೀರು ಬಿದ್ದರೆ ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ನೆನೆಸಿದ ಮೇಲೂ ಸಲೀಸಾಗದಿದ್ದರೆ ಹೊಸದು ಹಾಕಿ.

ಹಾಕುವಾಗ ಮೈಮೇಲಿನ ಬಾಣದ ಗುರುತು ಗೀಸರ್ ಕಡೆಗೆ ಇರಬೇಕು. ಗೀಸರ್ ಹೊಸದಾಗಿ ಕೂರಿಸಿದ ದಿನದಿಂದಲೇ ನೀರು ಬರುತ್ತಿಲ್ಲ ಅನ್ನುವವರು ಮೊದಲು ಈ ಬಾಣ ನೋಡಿ. ಜೊತೆಗೆ ತಣ್ಣೀರಿನ ಲೈನನ್ನೇ ಕೆಂಪು ಬಾಯಿಗೆ ಕೊಟ್ಟಿದ್ದಾರಾ ಅಂತಲೂ ನೋಡಿ. ಹಾಗೆ ಅದಲುಬದಲಾದರೆ ನೀರು ಎನ್‌ಆರ್‌ವಿಯ ಮೂಲಕ ಉಲ್ಟಾ ಬರಬೇಕಾಗುತ್ತದೆ, ಅದು ಬಿಡುವುದಿಲ್ಲ.

ಇನ್ನೊಂದು ಮಾತು. ಮೇಲಿನ ಟ್ಯಾಂಕ್ ಗೀಸರ್‌ಗಿಂತ ಸ್ವಲ್ಪವೇ ಎತ್ತರದಲ್ಲಿದ್ದರೆ ಚೆನ್ನಾಗಿರುವ ಎನ್‌ಆರ್‌ವಿ ಕೂಡ ನೀರು ಸಣ್ಣ ಮಾಡುತ್ತದೆ. 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಬಾರ್ ಒತ್ತಡ. ಟ್ಯಾಂಕ್ 2 ಮೀಟರ್ ಮೇಲಿದ್ದರೆ 0.2 ಬಾರ್ ಅಷ್ಟೇ, ಅದರಲ್ಲೇ ಬೆಂಡುಗಳನ್ನೂ ದಾಟಿ ಸ್ಪ್ರಿಂಗನ್ನೂ ತಳ್ಳಬೇಕು. ಇದಕ್ಕೆ ಪರಿಹಾರ ಅಂತ ವಾಲ್ವನ್ನೇ ಕಿತ್ತೆಸೆದು ನೇರ ಜೋಡಿಸಿ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಎನ್‌ಆರ್‌ವಿ ಇಲ್ಲದಿದ್ದರೆ ಮೇಲಿನ ಟ್ಯಾಂಕ್ ಖಾಲಿಯಾದಾಗ ಗೀಸರ್ ನೀರು ಹಿಂದಕ್ಕೆ ಎಳೆದುಕೊಂಡು ಹೋಗಬಹುದು. ಆಗ ಕಾಯಿಲ್ ನೀರಿಲ್ಲದೆ ಉರಿಯುತ್ತದೆ. ತೆಳು ತಗಡಿನ ಟ್ಯಾಂಕ್ ಆದರೆ ಒಳಗೆ ಗಾಳಿಯೂ ಇಲ್ಲದೆ ಚಪ್ಪಟೆಯಾಗುವುದೂ ಉಂಟು. ಸೇಫ್ಟಿ ವಾಲ್ವೂ ಅದೇ ಆಗಿದ್ದರೆ ಒತ್ತಡ ಹೊರಹೋಗುವ ದಾರಿಯೇ ಇರುವುದಿಲ್ಲ. ಮೇಲಿನ ಟ್ಯಾಂಕನ್ನು ಎತ್ತರಕ್ಕೆ ಏರಿಸಿ, ಅಥವಾ ಗೀಸರ್ ತಡೆಯುವ ಒತ್ತಡದ ಮಿತಿಯೊಳಗೆ ಸಣ್ಣ ಪ್ರೆಶರ್ ಪಂಪ್ ಹಾಕಿಸಿ.

ಪೈಪಿನಲ್ಲಿ ಗಾಳಿ ಹಿಡಿದಿದ್ದರೆ

ಮೇಲಿನ ಟ್ಯಾಂಕ್ ಖಾಲಿಯಾಗಿತ್ತು, ತುಂಬಿಸಿದ ಮೇಲೆ ಉಳಿದ ನಲ್ಲಿಗಳೆಲ್ಲ ಸರಿಹೋದವು, ಗೀಸರ್ ಮಾತ್ರ ಇಲ್ಲ. ಹೀಗಾಗಿದ್ದರೆ ಬಹುಮಟ್ಟಿಗೆ ಏರ್ ಲಾಕ್. ಪೈಪ್ ಎಲ್ಲೋ ಒಂದು ಕಡೆ ಮೇಲಕ್ಕೆ ಏರಿ ಮತ್ತೆ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ಕೂತುಬಿಡುತ್ತದೆ, ಒತ್ತಡ ಕಡಿಮೆ ಇದ್ದಾಗ ನೀರಿಗೆ ಅದನ್ನು ತಳ್ಳಲು ಆಗುವುದಿಲ್ಲ.

ಮೊದಲು ಮನೆಯ ಅತ್ಯಂತ ಕೆಳಗಿನ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ಹತ್ತು ನಿಮಿಷ ಬಿಡಿ. ಕೆಳಗಿನದೇ ಯಾಕೆ ಅಂದರೆ ಎತ್ತರದ ವ್ಯತ್ಯಾಸ ಜಾಸ್ತಿಯಾದಷ್ಟೂ ತಳ್ಳುವ ಬಲ ಜಾಸ್ತಿ. ಆಗಲಿಲ್ಲ ಅಂದರೆ ನೀಲಿ ಕಡೆಯ ನಟ್ ಸಡಿಲ ಮಾಡಿ ಬಕೆಟ್ ಹಿಡಿಯಿರಿ. ಬುಳುಬುಳು ಸದ್ದಿನ ಜೊತೆ ಗಾಳಿ ಬಿಟ್ಟುಬಿಟ್ಟು ಬಂದು ಆಮೇಲೆ ನೀರಿನ ಧಾರೆ ಒಂದೇ ಸಮ ಆಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಹಿಂದಿನಿಂದ ತಳ್ಳಬೇಕು. ಪಂಪಿನ ಒತ್ತಡ ಇರುವ ನಲ್ಲಿಗೆ ತೋಟದ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಿಚ್ಚಿದ ನೀಲಿ ಕನೆಕ್ಷನ್ ಪೈಪಿನ ಬಾಯಿಗೆ ಬಿಗಿಯಾಗಿ ಹಿಡಿದು, ಆಂಗಲ್ ಕಾಕ್ ತೆರೆದು 20-30 ಸೆಕೆಂಡ್ ನೀರು ಬಿಡಿ. ಗಾಳಿ ಮೇಲಿನ ಟ್ಯಾಂಕಿಗೆ ಹೋಗಿ ಬಿಡುತ್ತದೆ. ಪೈಪ್ ಶುದ್ಧವಾಗಿರಲಿ, ಆ ನೀರು ಟ್ಯಾಂಕಿಗೇ ಸೇರುತ್ತದೆ. ಮಿಕ್ಸರ್‌ನ ಬಾಯಿಗೆ ಅಂಗೈ ಒತ್ತಿ ತಣ್ಣೀರು ಬಿಸಿನೀರು ಎರಡನ್ನೂ ತೆರೆಯುವ ಉಪಾಯ ಎಲ್ಲರಿಗೂ ಗೊತ್ತು. ಅದು ಹಾಟ್ ಲೈನಿನ ಗಾಳಿಗೆ ಮಾತ್ರ ಉಪಯೋಗ. ತಣ್ಣೀರಿನ ಲೈನಿನ ಗಾಳಿಯನ್ನು ಅದು ಮುಟ್ಟುವುದಿಲ್ಲ, ಮಧ್ಯದಲ್ಲಿ ಎನ್‌ಆರ್‌ವಿ ಇದೆ ಅಲ್ವಾ?

ಎಲ್ಲ ಸರಿಯಿದ್ದೂ ನೀರು ಬರದಿದ್ದರೆ ಟ್ಯಾಂಕ್ ಒಳಗೇ ಸುಣ್ಣ ತುಂಬಿ ಬಾಯಿ ಕಟ್ಟಿರಬಹುದು. ಗಡಸು ನೀರು ಬಿಸಿಯಾದಷ್ಟೂ ಸುಣ್ಣ ಜಾಸ್ತಿ ಬಿಡುತ್ತದೆ. ಕೆಳಗಿನ ಮುಚ್ಚಳ ತೆಗೆದು ಕಾಯಿಲ್ ಹೊರಗೆಳೆದು ಒಳಗೆಲ್ಲ ತೊಳೆಯಬೇಕು, ಅದು ಮೆಕ್ಯಾನಿಕ್ ಕೆಲಸ. ಹೇಗೂ ಬಿಚ್ಚಿದ್ದಾರೆ ಅಂದರೆ ಕಾಯಿಲ್ ಪಕ್ಕದ ಆನೋಡ್ ಕಡ್ಡಿ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಕಡ್ಡಿ) ಸವೆದಿದೆಯಾ ನೋಡಿ ಅಂತ ಕೇಳಿಕೊಳ್ಳಿ.

ಜೋಡಿಸಿ, ತುಂಬಿಸಿ

ಎನ್‌ಆರ್‌ವಿ ಕೂರುವ ಮರೆಗೆ (ತಿರುಪಿನ ಗೆರೆಗಳಿಗೆ) ಟೆಫ್ಲಾನ್ ಟೇಪ್ ಸುತ್ತಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಆರೆಂಟು ಸುತ್ತು. ಟೇಪ್ ಬಾಯಿಯ ಅಂಚು ದಾಟಿ ಒಳಗೆ ಇಳಿಬೀಳದಿರಲಿ. ಕನೆಕ್ಷನ್ ಪೈಪಿನ ನಟ್‌ಗೆ ಟೇಪ್ ಬೇಡ, ಅಲ್ಲಿ ಸೋರುವುದನ್ನು ತಡೆಯುವುದು ವಾಷರ್. ಕೈಯಿಂದ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು.

ಈಗ ಬಿಸಿನೀರಿನ ನಲ್ಲಿ ಪೂರ್ತಿ ತೆರೆದಿಟ್ಟು ಆಂಗಲ್ ಕಾಕ್ ನಿಧಾನ ತೆರೆಯಿರಿ. ನಲ್ಲಿ ಮುಚ್ಚಿದ್ದರೆ ಒಳಗಿನ ಗಾಳಿ ಹೊರಗೆ ಹೋಗದೆ ಟ್ಯಾಂಕ್ ತುಂಬುವುದಿಲ್ಲ. ಮೊದಲು ಗಾಳಿ, ಆಮೇಲೆ ಉಗುಳುತ್ತಾ ನೀರು, ಕಡೆಗೆ ಒಂದೇ ಸಮ ಧಾರೆ. ಧಾರೆ ಶುರುವಾದ ಮೇಲೂ ಇನ್ನೊಂದು ನಿಮಿಷ ಬಿಡಿ. ನಲ್ಲಿ ಮುಚ್ಚಿ, ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿ. ಒಂದು ಚುಕ್ಕೆ ಒದ್ದೆ ಇಲ್ಲ ಅಂದ ಮೇಲೆ ಎಂಸಿಬಿ ಏರಿಸಿ.

ಕಾಯುವಾಗ ಸೇಫ್ಟಿ ವಾಲ್ವಿನ ತೂತಿನಿಂದ ಹನಿ ಬಿದ್ದರೆ ಗಾಬರಿ ಬೇಡ. 25 ಲೀಟರ್ ನೀರು 20 ರಿಂದ 70 ಡಿಗ್ರಿಗೆ ಏರುವಾಗ ಸುಮಾರು ಅರ್ಧ ಲೀಟರ್‌ನಷ್ಟು ಹಿಗ್ಗುತ್ತದೆ, ಅದು ಎಲ್ಲಾದರೂ ಹೋಗಬೇಕಲ್ಲ. ಆ ತೂತನ್ನು ಎಂದಿಗೂ ಮುಚ್ಚಬೇಡಿ. ಗೀಸರ್ ತಣ್ಣಗಿರುವಾಗಲೂ ನಿಲ್ಲದೆ ಸುರಿಯುತ್ತಿದ್ದರೆ ಮಾತ್ರ ವಾಲ್ವ್ ಬದಲಾಯಿಸಬೇಕು.

ನೀರು ಜೋರಾಗಿ ಬರುತ್ತಿದೆ, ಆದರೆ ಬಿಸಿಯೇ ಆಗುತ್ತಿಲ್ಲ ಅಥವಾ ಎಂಸಿಬಿ ಬೀಳುತ್ತಿದೆ ಅಂದರೆ ನೀರಿಲ್ಲದಾಗ ಯಾರೋ ಆನ್ ಮಾಡಿದ್ದು ಕಾಯಿಲ್‌ಗೆ ಪೆಟ್ಟು ಕೊಟ್ಟಿರಬಹುದು. ಮತ್ತೆ ಮತ್ತೆ ಏರಿಸುತ್ತಾ ಕೂರಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಗೀಸರ್ ಮೈಯಿಂದಲೇ ನೀರು ಜಿನುಗುತ್ತಿದ್ದರೆ, ಬಾಯಿಯ ಮರೆ ತುಕ್ಕು ಹಿಡಿದು ಉದುರುತ್ತಿದ್ದರೆ, ವೈರಿನ ಹತ್ತಿರ ಒದ್ದೆ ಕಂಡರೆ ಆಗಲೂ ಕೆಲಸ ಅಲ್ಲಿಗೇ ನಿಲ್ಲಿಸಿ.

ಇಲ್ಲದಿದ್ದರೆ ಎರಡು ಸಲ ಸ್ನಾನಕ್ಕೆ ಬಳಸಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಟಿಶ್ಯೂ ಒತ್ತಿ ನೋಡಿ. ಬಿಸಿ ಆಗಿ ತಣ್ಣಗಾದ ಮೇಲೆ ಕೆಲವು ಜಾಯಿಂಟ್ ಸಡಿಲಾಗುತ್ತವೆ. ಒದ್ದೆ ಕಂಡ ನಟ್‌ಗೆ ಇನ್ನೊಂದು ಕೂದಲೆಳೆಯಷ್ಟು ಬಿಗಿ ಕೊಡಿ.